ಪೋಲೋ ಕುದುರೆಯ ಸಜ್ಜು: ಕಾಲಿನ ಬ್ಯಾಂಡೇಜಿನಿಂದ ಕಡಿವಾಣದವರೆಗೆ

ಪೋಲೋದ ಒಂದು ಚಕ್ಕರ್, ಅಂದರೆ ಆಟದ ಒಂದು ಅವಧಿ, ಏಳು ನಿಮಿಷದ್ದು. ಅಷ್ಟರೊಳಗೆ ಕುದುರೆ ನಾಗಾಲೋಟದಲ್ಲಿ ಓಡಬೇಕು, ಗಕ್ಕನೆ ನಿಲ್ಲಬೇಕು, ಹಿಂಗಾಲ ಮೇಲೆ ತಿರುಗಬೇಕು, ಎದುರಾಳಿಯ ಕುದುರೆಗೆ ಹೆಗಲು ಕೊಟ್ಟು ತಳ್ಳಬೇಕು. ಸುತ್ತ ಇನ್ನೂ ಏಳು ಕುದುರೆಗಳ ಲಾಳಗಳು, ಚೆಂಡು ಹೊಡೆಯುವ ಎಂಟು ಬೆತ್ತದ ಮ್ಯಾಲೆಟ್‌ಗಳು, ನೂರು ಗ್ರಾಂ ಮೀರಿದ ಗಟ್ಟಿ ಚೆಂಡು. ಬೇರೆ ಯಾವ ಸವಾರಿಯಲ್ಲೂ ಕುದುರೆಯ ಕಾಲಿಗೆ ಇಷ್ಟು ಕಡೆಯಿಂದ ಪೆಟ್ಟು ಬೀಳುವುದಿಲ್ಲ, ಬಾಯಿಗೆ ಇಷ್ಟು ಸಲ ಎಳೆತ ಬೀಳುವುದಿಲ್ಲ. ಆದ್ದರಿಂದ ಪೋಲೋ ಸಜ್ಜಿನಲ್ಲಿ ಕಾಲು ಮತ್ತು ಬಾಯಿ ಇವೆರಡೇ ಮೊದಲು ಕಲಿಯಬೇಕಾದವು. ಉಳಿದದ್ದು ಕೈಗೆ ಬೇಗ ಹತ್ತುತ್ತದೆ.

ಭಾರತದಲ್ಲಿ ಪೋಲೋಗೆ ಬರುವ ಕುದುರೆಗಳಲ್ಲಿ ರೇಸ್ ಬಿಟ್ಟ ಥರೋಬ್ರೆಡ್ ತಳಿಯವು ಬಹಳ. ಬೆಂಗಳೂರು, ಮೈಸೂರಿನ ರೇಸ್ ಲಾಯಗಳಲ್ಲಿ ಕೆಲಸ ಕಲಿತವರಿಗೆ ಈ ಕುದುರೆಗಳ ಸ್ವಭಾವ ಗೊತ್ತಿರುತ್ತದೆ, ಸಜ್ಜು ಮಾತ್ರ ಹೊಸದು. ರೇಸಿನಲ್ಲಿ ತೂಕ ಇಳಿಸುವುದು ಗುರಿ. ಇಲ್ಲಿ ಪಟ್ಟಿ ಹರಿಯಬಾರದು, ಜೀನು ಜಾರಬಾರದು, ಒಂದು ಹರಿದರೂ ಇನ್ನೊಂದು ಹಿಡಿದಿರಬೇಕು.

ಕಾಲು

ಪಂದ್ಯದಲ್ಲಿ ನಾಲ್ಕೂ ಕಾಲಿಗೆ ಬ್ಯಾಂಡೇಜ್ ಅಥವಾ ಬೂಟು ಇರಲೇಬೇಕು ಎಂಬುದು ನಿಯಮ. ಭಾರತ, ಬ್ರಿಟನ್, ಅಮೆರಿಕ ಎಲ್ಲ ಕಡೆಯೂ ಹೀಗೆಯೇ. ಅಭ್ಯಾಸದ ದಿನ ಬಿಡಬಹುದು ಎಂದು ಭಾವಿಸಬೇಡಿ. ಹೊಸ ಆಟಗಾರರ ಮ್ಯಾಲೆಟ್ ಅಭ್ಯಾಸದಲ್ಲೇ ಹೆಚ್ಚು ಸಲ ಕಾಲಿಗೆ ತಗಲುತ್ತದೆ.

ಬ್ಯಾಂಡೇಜ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದು ಸ್ಪಷ್ಟವಿರಲಿ. ಒಂದು ಕಾಲಿನ ಲಾಳ ಇನ್ನೊಂದನ್ನು ಉಜ್ಜಿದಾಗ ಗಾಯ ತಪ್ಪಿಸುತ್ತದೆ, ಚೆಂಡು–ಮ್ಯಾಲೆಟ್‌ನ ಪೆಟ್ಟನ್ನು ಸ್ವಲ್ಪ ಹೀರುತ್ತದೆ. ಅಷ್ಟೇ. ನಾಗಾಲೋಟದಲ್ಲಿ ಕುದುರೆಯ ಭಾರ ಕಾಲಿನ ಹಿಂಬದಿಯ ಸ್ನಾಯುರಜ್ಜುವಿನ ಮೇಲೆ ಬೀಳುವ ರಭಸಕ್ಕೆ ಬಟ್ಟೆಯ ಸುತ್ತು ಆಸರೆಯಾಗಲಾರದು. ರಜ್ಜು ನೊಂದಿರುವ ಕುದುರೆಯನ್ನು ಬಿಗಿಯಾಗಿ ಸುತ್ತಿ ಆಡಿಸುವುದು ಅದರ ಕಾಲನ್ನು ಕಳೆದುಕೊಳ್ಳುವ ದಾರಿ.

ಪೋಲೋ ಬ್ಯಾಂಡೇಜ್ ಎಂದು ಮಾರುವ ಫ್ಲೀಸ್ ಪಟ್ಟಿ ಸಾಮಾನ್ಯವಾಗಿ 2.7 ಮೀಟರ್ ಉದ್ದ, 11–12 ಸೆಂ.ಮೀ. ಅಗಲ ಇರುತ್ತದೆ. ಹಿಂಗಾಲಿನ ನಳಿಗೆ (ಮೊಣಕಾಲಿನ ಕೆಳಗಿನ ನೀಳ ಎಲುಬಿನ ಭಾಗ) ಉದ್ದವಾದ್ದರಿಂದ ದೊಡ್ಡ ಕುದುರೆಗೆ ಹಿಂದಕ್ಕೆ ಇನ್ನೂ ಉದ್ದದ ಪಟ್ಟಿ ಬೇಕು. ಎಳೆದರೆ ಹಿಗ್ಗುವ ತೆಳು ಬ್ಯಾಂಡೇಜ್ ಬಳಸುವುದಾದರೆ ಅದರಡಿ ತೆಳು ಫೆಲ್ಟ್ ಅಥವಾ ಹತ್ತಿಯ ಪ್ಯಾಡ್ ಇಡದೆ ಸುತ್ತಬೇಡಿ. ಅದು ಎಳೆದಷ್ಟೂ ಬಿಗಿಯುತ್ತದೆ.

ಸುತ್ತುವ ಕ್ರಮ ಹೀಗೆ:

1. ಕಾಲನ್ನು ಒಣ ಬ್ರಷ್‌ನಿಂದ ಒರೆಸಿ. ಒಂದು ಮರಳಿನ ಹರಳು ಉಳಿದರೂ ಏಳು ನಿಮಿಷದಲ್ಲಿ ಚರ್ಮ ತರಚುತ್ತದೆ. ಕಾಲು ಒದ್ದೆಯಿದ್ದರೆ ಮೊದಲು ಒಣಗಿಸಿ. ಬ್ಯಾಂಡೇಜನ್ನು ವೆಲ್ಕ್ರೋ ಒಳಗೆ ಬರುವಂತೆ, ಗಟ್ಟಿಯಾಗಿ, ಮೊದಲೇ ಸುರುಳಿ ಸುತ್ತಿಟ್ಟಿರಬೇಕು. ಸಡಿಲ ಸುರುಳಿಯಿಂದ ಸಮ ಬಿಗಿ ಬರುವುದಿಲ್ಲ.

2. ಕಾಲಿನ ಹೊರಬದಿಯಲ್ಲಿ, ನಳಿಗೆಯ ನಡುಮಟ್ಟದಲ್ಲಿ ಶುರುಮಾಡಿ. ಪಟ್ಟಿಯ ತುದಿ ಎಲುಬಿಗೂ ಸ್ನಾಯುರಜ್ಜುವಿಗೂ ನಡುವಿನ ತೋಡಿನಲ್ಲಿ ಕೂರಬೇಕು. ಎಲುಬಿನ ಮುಂದೆಯಾಗಲಿ, ರಜ್ಜುವಿನ ಹಿಂದೆಯಾಗಲಿ ತುದಿ ಬಂದರೆ ಅಲ್ಲೊಂದು ಏಣು ಉಳಿಯುತ್ತದೆ.

3. ಹೊರಬದಿಯಲ್ಲಿ ಮುಂದಿನಿಂದ ಹಿಂದಕ್ಕೆ, ಒಳಬದಿಯಲ್ಲಿ ಹಿಂದಿನಿಂದ ಮುಂದಕ್ಕೆ ಸುತ್ತಿ. ಮೇಲಿನಿಂದ ನೋಡಿದರೆ ಎಡಗಾಲಿಗೆ ಗಡಿಯಾರದ ಮುಳ್ಳಿಗೆ ಎದುರಾಗಿ, ಬಲಗಾಲಿಗೆ ಮುಳ್ಳಿನ ದಿಕ್ಕಿನಲ್ಲಿ. ಪಟ್ಟಿಯನ್ನು ಎಳೆದು ಬಿಗಿಸುವುದು ಎಲುಬಿನ ಮುಂಬದಿಯಲ್ಲಿ ಮಾತ್ರ. ಹಿಂದೆ ರಜ್ಜುವಿನ ಮೇಲೆ ಹಾದುಹೋಗುವಾಗ ಕೈ ಬರೀ ಹಾಸಿಕೊಂಡು ಹೋಗಬೇಕು, ಎಳೆಯಬಾರದು.

4. ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧ ಅಗಲವನ್ನು ಮುಚ್ಚುತ್ತ ಕೆಳಗಿಳಿಯಿರಿ. ನಳಿಗೆಯ ಕೆಳತುದಿಯ ಫೆಟ್ಲಾಕ್ ಕೀಲಿನ ಹಿಂಬದಿಯನ್ನು ತೊಟ್ಟಿಲ ಹಾಗೆ ಎತ್ತಿ ಹಿಡಿದು ಮತ್ತೆ ಮೇಲೆ ಬನ್ನಿ. ಸರಿಯಾಗಿ ಬಂದರೆ ಕೀಲಿನ ಮುಂದೆ ಪಟ್ಟಿಯ ಅಂಚುಗಳು ತಲೆಕೆಳಗಾದ ವಿ ಆಕಾರದಲ್ಲಿ ಕೂಡುತ್ತವೆ. ಆ ಜಾಗದಿಂದಲೇ ಕೀಲು ಮಡಚುವುದು, ಅದನ್ನು ಮುಚ್ಚಬೇಡಿ.

5. ಮೊಣಕಾಲಿನ ಕೆಳಗೆ ಒಂದು ಬೆರಳು ಜಾಗ ಬಿಟ್ಟು, ಹೊರಬದಿಯಲ್ಲಿ ವೆಲ್ಕ್ರೋ ಅಂಟಿಸಿ ಮುಗಿಸಿ.

6. ವೆಲ್ಕ್ರೋ ಮೇಲೆ ಟೇಪ್ ಹಾಕಿ. ಬ್ಯಾಂಡೇಜಿನಷ್ಟೇ ಬಿಗಿ, ಅದಕ್ಕಿಂತ ಒಂದಿಷ್ಟೂ ಹೆಚ್ಚಿಲ್ಲ. ಒಂದೇ ಜಾಗದಲ್ಲಿ ಉಂಗುರದಂತೆ ಸುತ್ತದೆ ಇಳಿಜಾರಾಗಿ ಸುತ್ತಿ. ಬ್ಯಾಂಡೇಜ್ ಚೆನ್ನಾಗಿದ್ದೂ ಕಾಲು ಕೆಡುವುದು ಹೆಚ್ಚಾಗಿ ಈ ಟೇಪಿನಿಂದ. ಟೇಪು ಹಿಗ್ಗುವುದಿಲ್ಲ, ಬಿಸಿಯಾಗಿ ಕಾಲು ದಪ್ಪಗಾದಾಗ ಅದೊಂದೇ ದಾರದಂತೆ ಕೊರೆಯುತ್ತದೆ.

ಪರೀಕ್ಷೆ: ಮೇಲಂಚಿನಲ್ಲೂ ಕೆಳಂಚಿನಲ್ಲೂ ಒಂದು ಬೆರಳು ಒಂದೇ ಪ್ರಯತ್ನಕ್ಕೆ ಹೋಗಬೇಕು. ಮೇಲೆ ಸಡಿಲ, ಕೆಳಗೆ ಬಿಗಿ ಅನ್ನಿಸಿದರೆ ಪೂರ್ತಿ ಬಿಚ್ಚಿ ಮತ್ತೆ ಸುತ್ತಿ, ಅರ್ಧದಿಂದ ಸರಿಪಡಿಸಲು ಹೋಗಬೇಡಿ. ನಿಮ್ಮ ಕೈ ಸರಿಯಿತ್ತೇ ಎಂದು ಖಚಿತವಾಗಿ ತಿಳಿಯುವುದು ಬಿಚ್ಚಿದ ಮೇಲೆ. ಕೂದಲು ಒಂದೇ ಸಮ ಒತ್ತಿಕೊಂಡಿದ್ದರೆ ಸರಿ. ಅಡ್ಡ ಗೆರೆ, ಅಲೆಯಂಥ ಗುರುತು ಕಂಡರೆ ಅಲ್ಲಿ ಒತ್ತಡ ಹೆಚ್ಚಿತ್ತು. ಆ ಗೆರೆಯ ಮೇಲೆ ಕೆಳಗೆ ಮರುದಿನ ಬೆಳಿಗ್ಗೆ ಬಾವು ಇದೆಯೇ ಎಂದು ಬೆರಳಲ್ಲಿ ಒತ್ತಿ ನೋಡಿ. ಬ್ಯಾಂಡೇಜಿನ ತಪ್ಪಿನಿಂದಲೇ ಸ್ನಾಯುರಜ್ಜು ಊದಿಕೊಳ್ಳುವುದುಂಟು.

ಬೂಟು ಯಾವಾಗ? ಚೆಂಡಿನ ನೇರ ಪೆಟ್ಟಿಗೆ ಬ್ಯಾಂಡೇಜ್ ಸಾಲದು. ಗಟ್ಟಿ ಹೊರಕವಚವಿರುವ ಬೂಟನ್ನು, ಕನಿಷ್ಠ ಮುಂಗಾಲುಗಳಿಗಾದರೂ, ಬ್ಯಾಂಡೇಜಿನ ಮೇಲೆ ಹಾಕುವುದೇ ಸರಿ. ಬೂಟನ್ನು ಬೇಕಾದ ಜಾಗಕ್ಕಿಂತ ಸ್ವಲ್ಪ ಮೇಲಿಟ್ಟು ಕೆಳಗೆ ಜಾರಿಸಿ ಕೂರಿಸಿ. ಕೆಳಗಿಟ್ಟು ಮೇಲೆ ಎಳೆದರೆ ಅಡಿಯ ಸುತ್ತುಗಳು ಸುಕ್ಕಾಗುತ್ತವೆ. ಪಟ್ಟಿಗಳು ಹೊರಬದಿಯಲ್ಲಿ ಬರಬೇಕು, ಅವುಗಳ ತುದಿ ಹಿಂದಕ್ಕೆ ತಿರುಗಿರಬೇಕು. ಮೊದಲು ನಡುವಿನ ಪಟ್ಟಿ, ಆಮೇಲೆ ಮೇಲಿನದು, ಕೊನೆಗೆ ಕೆಳಗಿನದು ಬಿಗಿಸಿ.

ಗಕ್ಕನೆ ನಿಲ್ಲುವಾಗ ಹಿಂಗಾಲಿನ ಲಾಳದ ತುದಿ ಮುಂಗಾಲಿನ ಹಿಮ್ಮಡಿಯ ಮೆತ್ತನೆ ಭಾಗವನ್ನು ಸೀಳುತ್ತದೆ, ಇಲ್ಲವೇ ಮುಂದಿನ ಲಾಳವನ್ನೇ ಕಿತ್ತುಹಾಕುತ್ತದೆ. ಅದಕ್ಕೇ ಓವರ್‌ರೀಚ್ ಬೂಟು, ಗೊರಸಿನ ಮೇಲೆ ಗಂಟೆಯಂತೆ ಕೂರುವ ರಬ್ಬರ್ ಕವಚ. ಅದು ಹಿಂದೆ ನೆಲಕ್ಕೆ ಬಹುತೇಕ ತಾಗುವಷ್ಟು ಉದ್ದವಿರಬೇಕು. ಗಿಡ್ಡದ್ದು ಹಾಕಿದರೆ ಗಾಯವಾಗುವ ಜಾಗವೇ ತೆರೆದಿರುತ್ತದೆ, ಮುಂದೆ ನೆಲ ಮುಟ್ಟುವಷ್ಟು ಉದ್ದವಿದ್ದರೆ ಕುದುರೆ ಅದನ್ನೇ ತುಳಿದು ಮುಗ್ಗರಿಸುತ್ತದೆ.

ಚಕ್ಕರ್ ಮುಗಿದು ಆ ಕುದುರೆಯ ಸರದಿ ಇನ್ನಿಲ್ಲ ಎಂದಾದ ತಕ್ಷಣ ಬ್ಯಾಂಡೇಜ್ ಬಿಚ್ಚಿ. ನಾಗಾಲೋಟದಲ್ಲಿ ಸ್ನಾಯುರಜ್ಜುವಿನ ಒಳಭಾಗ 45 ಡಿಗ್ರಿ ಸೆಲ್ಸಿಯಸ್‌ವರೆಗೂ ಕಾಯುತ್ತದೆ. ಮೇಲೆ ಫ್ಲೀಸ್ ಇದ್ದರೆ ಆ ಬಿಸಿ ಹೊರಗೆ ಹೋಗದು. ತಣ್ಣೀರು ಹರಿಸಿ, ಮೊಣಕಾಲಿನಿಂದ ಕೆಳಗೆ, ಹತ್ತು ನಿಮಿಷವಾದರೂ. ಮಳೆಯಲ್ಲಿ ಆಡುವುದಾದರೆ ಫ್ಲೀಸ್ ನೀರು ಕುಡಿದು ಭಾರವಾಗಿ ಜಾರುತ್ತದೆ, ಹತ್ತಿಯದು ಒದ್ದೆಯಾಗಿ ಬಿಗಿಯುತ್ತದೆ. ಅಂಥ ದಿನ ನೀರು ಹೀರದ ನಿಯೋಪ್ರೀನ್ ಬೂಟಷ್ಟೇ ವಾಸಿ.

ಬಾಲ ಮತ್ತು ಜೂಲು

ಬಿಟ್ಟ ಬಾಲಕ್ಕೆ ಮ್ಯಾಲೆಟ್ ಸುತ್ತಿಕೊಂಡರೆ ಆಟಗಾರನ ಮಣಿಕಟ್ಟು ತಿರುಚಬಹುದು, ಕುದುರೆ ಬೆದರಬಹುದು. ಜೂಲು ಲಗಾಮಿಗೆ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಜೂಲನ್ನು ಬುಡಕ್ಕೆ ಕತ್ತರಿಸುತ್ತಾರೆ. ಎರಡು ಮೂರು ವಾರಕ್ಕೊಮ್ಮೆ ಕ್ಲಿಪ್ಪರ್ ಓಡಿಸಿದರೆ ಸಾಕು.

ಬಾಲದಲ್ಲಿ ಎಲುಬಿರುವ ಭಾಗ ಎಲ್ಲಿ ಮುಗಿಯುತ್ತದೆ ಎಂದು ಕೈಯಿಂದ ಮುಟ್ಟಿ ಗುರುತಿಸಿಕೊಳ್ಳಿ. ಅಲ್ಲಿಂದ ಕೆಳಗೆ ಜಡೆ ಹೆಣೆದು, ಜಡೆಯನ್ನು ಎರಡು ಮೂರು ಮಡಿಕೆ ಮಾಡಿ ಮೇಲಕ್ಕೆತ್ತಿ, ಹೊರಗಿನಿಂದ ಟೇಪ್ ಸುತ್ತಿ. ಎಲುಬಿರುವ ಭಾಗಕ್ಕೆ ಟೇಪ್ ಬಿಗಿದರೆ ರಕ್ತ ನಿಲ್ಲುತ್ತದೆ, ಕೂದಲು ಉದುರುತ್ತದೆ, ಹೆಚ್ಚು ಹೊತ್ತು ಬಿಟ್ಟರೆ ಬಾಲದ ಚರ್ಮವೇ ಸಾಯುತ್ತದೆ. ಟೇಪ್ ತೆಗೆಯುವಾಗ ಎಳೆಯದೆ, ಬಾಲದ ಉದ್ದಕ್ಕೆ ಮೊಂಡು ತುದಿಯ ಕತ್ತರಿಯಿಂದ ಕತ್ತರಿಸಿ. ಆಟ ಮುಗಿದ ಮೇಲೆ ಬಾಲ ಕಟ್ಟಿಯೇ ಲಾಯಕ್ಕೆ ಕಳಿಸಬೇಡಿ. ನೊಣ ಓಡಿಸಲು ಕುದುರೆಗಿರುವುದು ಅದೊಂದೇ.

ಜೀನು, ಗರ್ತ್, ಎದೆಪಟ್ಟಿ

ಪೋಲೋ ಜೀನು ಹೆಚ್ಚು ಚಪ್ಪಟೆ. ಮಂಡಿಗೆ ದಪ್ಪ ದಿಂಬಿರುವುದಿಲ್ಲ, ಏಕೆಂದರೆ ಆಟಗಾರ ಎದ್ದು ನಿಂತು ಎರಡೂ ಬದಿಗೆ ಬಾಗಬೇಕು. ಈ ಬಾಗುವಿಕೆಯಿಂದಲೇ ಜೀನಿಗೆ ಅಡ್ಡ ಎಳೆತ ಬೀಳುತ್ತದೆ. ಸವಾರ ಕೂತಾಗ ಹೆಗಲ ದಿಬ್ಬಕ್ಕೂ ಜೀನಿಗೂ ನಡುವೆ ಎರಡರಿಂದ ಮೂರು ಬೆರಳು ಜಾಗ ಬೇಕು, ಬೆನ್ನೆಲುಬಿನ ಉದ್ದಕ್ಕೂ ಬೆಳಕು ಕಾಣಬೇಕು. ರೇಸ್ ಬಿಟ್ಟ ಥರೋಬ್ರೆಡ್‌ಗಳಿಗೆ ಹೆಗಲ ದಿಬ್ಬ ಎತ್ತರ. ಅವಕ್ಕೆ ಜಾಗ ಸಾಲದೆಂದು ಪ್ಯಾಡ್ ಮೇಲೆ ಪ್ಯಾಡ್ ಹಾಕಿದರೆ ಜೀನು ಇನ್ನಷ್ಟು ಓಲಾಡುತ್ತದೆ. ಸರಿಹೊಂದುವ ಜೀನು ಹುಡುಕುವುದೇ ಪರಿಹಾರ. ಜೀನಿನಡಿಯ ಬಟ್ಟೆಯನ್ನು ಹೆಗಲ ದಿಬ್ಬದ ಮೇಲೆ ಬೆರಳಲ್ಲಿ ಮೇಲಕ್ಕೆತ್ತಿ ಬಿಡಿ, ಬಿಗಿದು ಕೂತ ಬಟ್ಟೆ ಅಲ್ಲಿ ಹುಣ್ಣು ಮಾಡುತ್ತದೆ.

ಗರ್ತ್ ಎಂದರೆ ಜೀನನ್ನು ಹೊಟ್ಟೆಯಡಿ ಬಿಗಿಯುವ ಪಟ್ಟಿ. ಅದನ್ನು ಸಿಕ್ಕಿಸಲು ಜೀನಿನ ಪ್ರತಿ ಬದಿಗೆ ಮೂರು ಗರ್ತ್ ಪಟ್ಟಿಗಳಿರುತ್ತವೆ. ಮೊದಲನೆಯದು ಒಳಗೆ ಒಂದು ನೇಯ್ಗೆಪಟ್ಟಿಗೆ ಹೊಲಿದಿರುತ್ತದೆ, ಎರಡನೆಯದೂ ಮೂರನೆಯದೂ ಸೇರಿ ಇನ್ನೊಂದಕ್ಕೆ. ಹಾಗಾಗಿ ಗರ್ತಿನ ಎರಡು ಬಕಲಲ್ಲಿ ಒಂದು ಯಾವಾಗಲೂ ಮೊದಲನೆಯ ಪಟ್ಟಿಗೇ ಹೋಗಬೇಕು. ಎರಡು ಮತ್ತು ಮೂರಕ್ಕೆ ಹಾಕಿದ್ದರೆ ಒಳಗಿನ ಒಂದು ಹೊಲಿಗೆ ಬಿಟ್ಟಾಗ ಜೀನು ಸವಾರನ ಸಮೇತ ಹೋಗುತ್ತದೆ. ಗರ್ತ್ ಬಿಗಿಸಿದ ಮೇಲೆ ಮುಂಗಾಲುಗಳನ್ನು ಒಂದೊಂದಾಗಿ ಮುಂದಕ್ಕೆ ಎಳೆಯಿರಿ, ಮಡಿಕೆಯಾದ ಚರ್ಮ ಬಿಚ್ಚಿಕೊಳ್ಳುತ್ತದೆ.

ಅದರ ಮೇಲೆ ಓವರ್‌ಗರ್ತ್. ಜೀನಿನ ಮೇಲಿಂದ ಬಂದು ಹೊಟ್ಟೆಯ ಕೆಳಗೆ ಗರ್ತಿನ ಮೇಲೆಯೇ ಕೂರಬೇಕು, ಹಿಂದಕ್ಕೆ ಸರಿದರೆ ಕುದುರೆ ಒದೆಯುತ್ತದೆ. ಸವಾರ ಕಾಲಿಡುವ ರಿಕಾಪಿನ ಪಟ್ಟಿಗಳು ಇದರ ಹೊರಗಿರಲಿ. ಬಿಗಿ ಗರ್ತಿನಷ್ಟೇ ಅಥವಾ ಒಂದು ತೂತು ಕಡಿಮೆ. ಕಟ್ಟುವಾಗ ಮೊದಲು ಗರ್ತ್, ಆಮೇಲೆ ಓವರ್‌ಗರ್ತ್. ಬಿಚ್ಚುವಾಗ ಮೊದಲು ಓವರ್‌ಗರ್ತ್. ಈ ಕ್ರಮ ತಪ್ಪಿದರೆ ಸಡಿಲ ಜೀನು ಒಂದೇ ಪಟ್ಟಿಯಲ್ಲಿ ಹೊಟ್ಟೆಯಡಿಗೆ ತಿರುಗಿಕೊಳ್ಳಬಹುದು.

ಎದೆಪಟ್ಟಿ ಜೀನು ಹಿಂದಕ್ಕೆ ಜಾರದಂತೆ ತಡೆಯುತ್ತದೆ. ಎದೆಗೂ ಪಟ್ಟಿಗೂ ನಡುವೆ ಒಂದು ಮುಷ್ಟಿ ಹಿಡಿಯಬೇಕು. ಮೇಲೇರಿದರೆ ಶ್ವಾಸನಾಳ ಒತ್ತುತ್ತದೆ, ಕೆಳಗಿಳಿದರೆ ಭುಜದ ಕೀಲನ್ನು ತಡೆಯುತ್ತದೆ.

ರಿಕಾಪಿನ ಕಬ್ಬಿಣ ಸವಾರನ ಬೂಟಿನ ಅಗಲಕ್ಕಿಂತ 2.5 ಸೆಂ.ಮೀ. ಹೆಚ್ಚಿರಲಿ. ಕಿರಿದಾದರೆ ಕಾಲು ಸಿಕ್ಕುತ್ತದೆ, ತೀರ ಅಗಲವಾದರೆ ಕಾಲು ಒಳಕ್ಕೆ ತೂರುತ್ತದೆ. ಪಟ್ಟಿ ಸಿಕ್ಕಿಸುವ ಬಾರಿನ ತುದಿಯ ಕೊಂಡಿ ಸದಾ ತೆರೆದಿರಬೇಕು, ಬಿದ್ದ ಸವಾರನನ್ನು ಕುದುರೆ ಎಳೆದೊಯ್ಯದಿರುವುದು ಅದರಿಂದ. ಏರುವಾಗಿನ ಭಾರಕ್ಕೆ ಎಡಪಟ್ಟಿ ಉದ್ದವಾಗುತ್ತದೆ, ಆಗಾಗ ಎಡಬಲ ಬದಲಿಸಿ.

ತಲೆ ಮತ್ತು ಬಾಯಿ

ಎಡಗೈ ಒಂದರಲ್ಲೇ ನಾಲ್ಕು ಲಗಾಮು ಹಿಡಿದು ಆಡುವ ಆಟವಿದು. ಎರಡು ಜೊತೆ ಲಗಾಮಿಗೆ ಎರಡು ಕಾರಣ. ಒಂದು ಜೊತೆ ಮೃದುವಾದ ಸೂಚನೆಗೆ, ಇನ್ನೊಂದು ಗಟ್ಟಿಯಾಗಿ ನಿಲ್ಲಿಸುವುದಕ್ಕೆ. ಅಲ್ಲದೆ ಒಂದು ಹರಿದರೆ ಇನ್ನೊಂದು ಕೈಯಲ್ಲಿರುತ್ತದೆ.

ಹೆಚ್ಚು ಬಳಕೆಯಲ್ಲಿರುವ ಕಡಿವಾಣಗಳು ಗ್ಯಾಗ್ ಮತ್ತು ಪೆಲ್ಹಮ್. ಗ್ಯಾಗಿನಲ್ಲಿ ಕೆನ್ನೆಯ ಪಟ್ಟಿ ಕಡಿವಾಣದ ಬಳೆಯ ತೂತುಗಳೊಳಗೆ ಹಾದುಬರುತ್ತದೆ. ಎಳೆದಾಗ ಕಡಿವಾಣ ಕಟವಾಯಿಯ ಕಡೆಗೆ ಮೇಲೇರುತ್ತದೆ, ಜೊತೆಗೆ ನೆತ್ತಿಯ ಮೇಲೆ ಒತ್ತಡ ಬೀಳುತ್ತದೆ. ಒಂದು ಲಗಾಮನ್ನು ಬಳೆಗೇ ಹಾಕಬೇಕು, ಇನ್ನೊಂದನ್ನು ಗ್ಯಾಗಿನ ಪಟ್ಟಿಗೆ. ಬರೀ ಗ್ಯಾಗ್ ಲಗಾಮಿನಲ್ಲಿ ಆಡಿದರೆ ಕುದುರೆಗೆ ಬಿಡುವೇ ಸಿಗದು, ಕೆಲವೇ ವಾರದಲ್ಲಿ ಬಾಯಿ ಕಲ್ಲಾಗುತ್ತದೆ. ಕೆನ್ನೆಯ ಪಟ್ಟಿ ತೂತಿನಲ್ಲಿ ಸರಾಗ ಜಾರುತ್ತದೆಯೇ, ಲಗಾಮು ಬಿಟ್ಟಾಗ ಕಡಿವಾಣ ಕೆಳಗಿಳಿಯುತ್ತದೆಯೇ ಎಂದು ಪ್ರತಿ ಸಲ ಎಳೆದು ನೋಡಿ. ಬೆವರು ಒಣಗಿ ಗಟ್ಟಿಯಾದ ಚರ್ಮ ಅಲ್ಲೇ ಕಚ್ಚಿಕೊಳ್ಳುತ್ತದೆ.

ಪೆಲ್ಹಮ್‌ಗೆ ಎರಡೂ ಬದಿಗೆ ಕಾಲಿನಂತೆ ಕೆಳಗಿಳಿಯುವ ಕಂಬಿಗಳಿರುತ್ತವೆ, ಜೊತೆಗೆ ಗದ್ದದ ಸರಪಳಿ ಇರುತ್ತದೆ. ಅದನ್ನು ಕೊಕ್ಕೆಗೆ ಹಾಕುವ ಮೊದಲು ಕೊಂಡಿಗಳು ಒಂದರ ಮೇಲೊಂದು ಚಪ್ಪಟೆಯಾಗುವವರೆಗೆ ತಿರುಗಿಸಿ. ತಿರುಚಿದ ಒಂದು ಕೊಂಡಿ ಸಾಕು, ಗದ್ದದ ಎಲುಬಿನ ಮೇಲೆ ಗಾಯವಾಗಲು. ಕೆಳಲಗಾಮು ಎಳೆದಾಗ ಕಡಿವಾಣದ ಕಾಲು ಸುಮಾರು 45 ಡಿಗ್ರಿ ಹಿಂದಕ್ಕೆ ಬಂದಾಗ ಸರಪಳಿ ಗದ್ದದ ಹಳ್ಳವನ್ನು ಒತ್ತಬೇಕು. ಅದಕ್ಕೂ ಮುಂಚೆ ಒತ್ತಿದರೆ ಬಿಗಿ ಹೆಚ್ಚು, ಕಾಲು ಪೂರ್ತಿ ಮಲಗಿದರೂ ಒತ್ತದಿದ್ದರೆ ಸಡಿಲ.

ಅಗಲದ ಲೆಕ್ಕ: ತುಟಿಯ ಎರಡೂ ಬದಿಗೆ ಸುಮಾರು 5 ಮಿ.ಮೀ. ಉಳಿಯಬೇಕು. ಎತ್ತರದ ಲೆಕ್ಕ: ಕಟವಾಯಿಯಲ್ಲಿ ಒಂದು ಸಣ್ಣ ಸುಕ್ಕು. ಗ್ಯಾಗ್ ಮೇಲೇರುವಂಥದ್ದಾದ್ದರಿಂದ ಅದನ್ನು ಸ್ವಲ್ಪ ಕೆಳಗೇ ಕಟ್ಟಿ.

ಇನ್ನು ಮಾರ್ಟಿಂಗೇಲ್. ಗಕ್ಕನೆ ನಿಲ್ಲಿಸಿದಾಗ ಕುದುರೆ ತಲೆ ಎಗರಿಸಿದರೆ ಮುಂದಕ್ಕೆ ಬಾಗಿದ ಸವಾರನ ಮುಖಕ್ಕೇ ಬಡಿಯುತ್ತದೆ. ಅದನ್ನು ತಡೆಯುವ ಈ ಪಟ್ಟಿ ಗರ್ತಿನಿಂದ ಹೊರಟು, ಎದೆಪಟ್ಟಿಯ ಕುಣಿಕೆಯೊಳಗೆ ಹಾದು, ಮೂಗುಪಟ್ಟಿಗೆ ಸೇರುತ್ತದೆ. ಕುದುರೆ ಸಹಜವಾಗಿ ತಲೆ ಹಿಡಿದು ನಿಂತಾಗ ಪಟ್ಟಿಯನ್ನು ಮೇಲೆತ್ತಿದರೆ ಗಂಟಲ ಕೊರಕಲಿಗೆ ಮುಟ್ಟಬೇಕು. ಅದಕ್ಕಿಂತ ಗಿಡ್ಡವಾದರೆ ಕುದುರೆಗೆ ಸಮತೋಲಕ್ಕೆ ಕತ್ತು ಚಾಚಲು ಆಗುವುದಿಲ್ಲ. ಎಡವಿದಾಗ ಸಾವರಿಸಿಕೊಳ್ಳಲಾರದೆ ಬೀಳುತ್ತದೆ.

ಇದನ್ನು ಕಟ್ಟುವುದು ಮೇಲಿನ ಮೂಗುಪಟ್ಟಿಗೆ ಮಾತ್ರ. ಆ ಪಟ್ಟಿ ಕೆನ್ನೆಯ ಎಲುಬಿನ ಏಣಿಗಿಂತ ಎರಡು ಬೆರಳು ಕೆಳಗಿರಬೇಕು, ಮೂಗಿನ ಎಲುಬಿಗೂ ಅದಕ್ಕೂ ನಡುವೆ ಎರಡು ಬೆರಳು ಹೋಗಬೇಕು. ಬಾಯಿ ತೆರೆಯದಂತೆ ಕೆಳಗೆ ಕಟ್ಟುವ ಡ್ರಾಪ್ ಮೂಗುಪಟ್ಟಿಗೆ ಮಾರ್ಟಿಂಗೇಲನ್ನು ಎಂದೂ ಕಟ್ಟಬೇಡಿ. ಅದರಡಿ ಇರುವುದು ಮೆತ್ತನೆ ಮೂಳೆ ಮತ್ತು ಉಸಿರಿನ ದಾರಿ. ಡ್ರಾಪ್ ಪಟ್ಟಿ ಮೂಗಿನ ಹೊಳ್ಳೆಗಿಂತ ನಾಲ್ಕು ಬೆರಳು ಮೇಲಿರಲಿ.

ಕುದುರೆ ನಿಲ್ಲುತ್ತಿಲ್ಲ ಎಂದು ಕಡಿವಾಣ ಗಟ್ಟಿ ಮಾಡುತ್ತ, ಮಾರ್ಟಿಂಗೇಲ್ ಗಿಡ್ಡ ಮಾಡುತ್ತ ಹೋಗುವುದು ಎಲ್ಲ ಲಾಯಗಳಲ್ಲೂ ಕಾಣುವ ತಪ್ಪು. ಮೊದಲು ಹಲ್ಲು ನೋಡಿಸಿ. ಕೆನ್ನೆಯ ಹಲ್ಲಿನ ಚೂಪು ಅಂಚು ಒಳಗೆ ಕೊಯ್ಯುತ್ತಿದ್ದರೆ ಯಾವ ಕಡಿವಾಣಕ್ಕೂ ಅದು ತಲೆ ಎಗರಿಸುತ್ತದೆ. ಆಮೇಲೆ ಬೆನ್ನು, ಜೀನು. ಕಡಿವಾಣ ಬದಲಿಸುವುದು ಕೊನೆಗೆ.

ಕಣ್ಣಿಗೆ ಅಡ್ಡ ಬರುವ ಬ್ಲಿಂಕರ್ ಪೋಲೋದಲ್ಲಿ ನಿಷಿದ್ಧ. ರೇಸಿನಲ್ಲಿ ಅದರ ಅಭ್ಯಾಸವಿದ್ದ ಕುದುರೆಯನ್ನು ಅದಿಲ್ಲದೆಯೇ ಪಳಗಿಸಬೇಕು. ಪಕ್ಕದಿಂದ ಬರುವ ಕುದುರೆಯನ್ನು ಅದು ನೋಡಲೇಬೇಕಲ್ಲ.

ಲಾಳ

ಮುಂಗಾಲಿನ ಲಾಳಕ್ಕೆ ಒಳ ಅಂಚು ಎತ್ತರ, ಹೊರ ಅಂಚು ತಗ್ಗು. ಇದರಿಂದ ಗೊರಸು ಯಾವ ದಿಕ್ಕಿಗೂ ಸುಲಭವಾಗಿ ಉರುಳುತ್ತದೆ, ಹುಲ್ಲಿನ ಹಿಡಿತವೂ ಸಿಗುತ್ತದೆ. ಹಿಂಗಾಲಿಗೆ ಹಿಡಿತಕ್ಕೆಂದು ಹೊರಹಿಮ್ಮಡಿಯಲ್ಲಿ ಮಾತ್ರ ಉಬ್ಬು. ಆಟದ ಬೆಳಿಗ್ಗೆ ಗೊರಸಿನ ಗೋಡೆಯ ಮೇಲೆ ಅಂಗೈ ಆಡಿಸಿ, ಎದ್ದ ಮೊಳೆಯ ತುದಿ ಕೈಗೆ ತಾಗಿದರೆ ಲಾಳ ಕಟ್ಟುವವರನ್ನು ಕರೆಸಿ. ಅದೇ ತುದಿ ಪಕ್ಕದ ಕಾಲಿನ ಬ್ಯಾಂಡೇಜನ್ನೂ ಚರ್ಮವನ್ನೂ ಸೀಳುತ್ತದೆ.

ಮೈದಾನದ ಬದಿಯಲ್ಲಿ

ಕಟ್ಟುವ ಕ್ರಮ: ಬಾಲ, ಕಾಲು, ಜೀನು, ಕೊನೆಗೆ ತಲೆ. ಗರ್ತ್ ಮೂರು ಸಲ ನೋಡಬೇಕು: ಕಟ್ಟಿದಾಗ, ಸವಾರ ಏರಿದ ಮೇಲೆ, ಒಂದು ಸುತ್ತು ಓಡಿಸಿದ ಮೇಲೆ. ಮೊದಲ ಸಲ ಕುದುರೆ ಹೊಟ್ಟೆ ಉಬ್ಬಿಸಿರುತ್ತದೆ.

ನೇತಾಡುವ ಮಾರ್ಟಿಂಗೇಲ್, ಹರಿದ ಗರ್ತ್, ಬಿಚ್ಚಿಕೊಂಡ ಬ್ಯಾಂಡೇಜ್ ಕಂಡರೆ ಅಂಪೈರ್ ಆಟ ನಿಲ್ಲಿಸುತ್ತಾರೆ. ಆದ್ದರಿಂದ ಕುದುರೆ ನೋಡಿಕೊಳ್ಳುವ ಸೈಸ್ ಕೈಯಲ್ಲಿ ಒಂದು ಚೀಲ ಸಿದ್ಧವಿರಲಿ: ಒಂದು ಜೊತೆ ಲಗಾಮು, ಒಂದು ಗರ್ತ್, ಓವರ್‌ಗರ್ತ್, ರಿಕಾಪಿನ ಪಟ್ಟಿ, ಗದ್ದದ ಸರಪಳಿ, ಎರಡು ಬ್ಯಾಂಡೇಜ್, ಒಂದು ಜೊತೆ ಓವರ್‌ರೀಚ್ ಬೂಟು, ಟೇಪ್, ಮೊಂಡು ಕತ್ತರಿ, ತೂತು ಹಾಕುವ ಪಂಚ್.

ಕೊಳ್ಳುವುದು, ಕಾಪಾಡುವುದು

ಕಾನ್ಪುರದ ಜೀನು ಕೆಲಸಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯಿದೆ, ಹೊರದೇಶಕ್ಕೂ ಅಲ್ಲಿಂದ ಹೋಗುತ್ತದೆ. ಒಳ್ಳೆಯದೂ ಅಗ್ಗದ್ದೂ ಎರಡೂ ಅಲ್ಲೇ ತಯಾರಾಗುವುದರಿಂದ ಊರಿನ ಹೆಸರು ನೋಡಿ ಕೊಳ್ಳಬೇಡಿ. ಚರ್ಮವನ್ನು ಮಡಚಿ ನೋಡಿ, ಮಡಿಕೆಯಲ್ಲಿ ಬಿರುಕು ಬಂದರೆ ಬೇಡ. ಕಡಿವಾಣ, ರಿಕಾಪು, ಬಕಲು ಸ್ಟೇನ್‌ಲೆಸ್ ಸ್ಟೀಲ್ ಆಗಿರಲಿ. ನಿಕ್ಕಲ್ ಮೆತ್ತಗೆ, ಬಾಗುತ್ತದೆ, ಮುರಿಯುತ್ತದೆ. ಹಣ ಕಡಿಮೆಯಿದ್ದರೆ ಜೀನನ್ನು ಹಳೆಯದು ಕೊಳ್ಳಿ, ಲಗಾಮು, ಗರ್ತ್, ರಿಕಾಪಿನ ಪಟ್ಟಿ ಮಾತ್ರ ಹೊಸದೇ ಬೇಕು. ಹಳೆ ಜೀನು ಕೊಳ್ಳುವಾಗ ಮುಂದಿನ ಕಮಾನನ್ನು ಎರಡು ಕೈಯಲ್ಲಿ ಹಿಡಿದು ಹಿಸುಕಿ. ಅಲುಗಿದರೆ, ಒಳಗೆ ಸದ್ದು ಬಂದರೆ ಒಳಚೌಕಟ್ಟು ಮುರಿದಿದೆ.

ಆಟದ ದಿನವೇ ಕಡಿವಾಣವನ್ನು ನೀರಲ್ಲಿ ತೊಳೆದು, ಚರ್ಮದ ಬೆವರನ್ನು ಹಿಂಡಿದ ಬಟ್ಟೆಯಲ್ಲಿ ಒರೆಸಿ, ಗ್ಲಿಸರಿನ್ ಸೋಪು ಸವರಿ. ಎಣ್ಣೆ ಅಪರೂಪಕ್ಕೆ, ತೆಳ್ಳಗೆ. ಎಣ್ಣೆಯಲ್ಲಿ ನೆನೆದ ಹೊಲಿಗೆಯ ದಾರ ಕೊಳೆಯುತ್ತದೆ. ಬಿಸಿಲಿಗೆ ಹಾಕಿದರೆ ಚರ್ಮ ಸೀಳುತ್ತದೆ. ಮುಚ್ಚಿದ ಕೋಣೆಯಲ್ಲಿಟ್ಟರೆ ನಮ್ಮ ಮಳೆಗಾಲಕ್ಕೆ ಒಂದೇ ವಾರದಲ್ಲಿ ಬೂಷ್ಟು ಹಿಡಿಯುತ್ತದೆ. ಗಾಳಿಯಾಡುವ ನೆರಳೇ ಸರಿ. ಬೂಷ್ಟು ಬಂದರೆ ಕೋಣೆಯ ಹೊರಗೆ ತಂದು ಒಣಬಟ್ಟೆಯಲ್ಲಿ ಒರೆಸಿ, ಆಮೇಲೆ ಸೋಪು ಹಾಕಿ.

ಗರ್ತ್ ಮತ್ತು ಜೀನಿನಡಿಯ ಬಟ್ಟೆ ಪ್ರತಿ ಕುದುರೆಗೂ ಬೇರೆ ಬೇರೆ ಇರಲಿ, ಹೆಸರು ಬರೆದಿಡಿ. ಹುಳುಕಡ್ಡಿ ಒಂದು ಕುದುರೆಗೆ ಬಂದರೆ ಹಂಚಿಕೊಂಡ ಗರ್ತಿನಿಂದ ಇಡೀ ಲಾಯಕ್ಕೆ ಹಬ್ಬುತ್ತದೆ. ವಾರಕ್ಕೊಮ್ಮೆ ಎಲ್ಲ ಬಕಲು ಬಿಚ್ಚಿ, ಬಕಲು ಕೂರುವ ಮಡಿಕೆಯನ್ನು ಹಿಂದಕ್ಕೆ ಬಗ್ಗಿಸಿ ನೋಡಿ. ಪಟ್ಟಿಗಳು ಹೆಚ್ಚಾಗಿ ಹರಿಯುವುದು ಅಲ್ಲೇ, ಕಣ್ಣಿಗೆ ಕಾಣದ ಆ ಮಡಿಕೆಯಲ್ಲೇ. ಹೊಲಿಗೆಯನ್ನು ಉಗುರಿನಿಂದ ಕೆದಕಿ, ದಾರ ಎದ್ದರೆ ಅದನ್ನು ಆಟದಿಂದ ತೆಗೆದು ಹೊಲಿಸಲು ಕೊಡಿ. ಚರ್ಮವೇ ಬಿರಿದಿದ್ದರೆ ಹೊಲಿಸಬೇಡಿ, ಕತ್ತರಿಸಿ ಎಸೆಯಿರಿ, ಮತ್ತೊಬ್ಬರು ಅದನ್ನೆತ್ತಿ ಕುದುರೆಗೆ ಕಟ್ಟದಂತೆ.